61.6: ಈ ಅಂಕಿ ಯಾವ ಯುದ್ಧದ ಪೋಸ್ಟಿನಲ್ಲೂ ಯಾಕಿಲ್ಲ?



ಉದ್ದದ ಪೋಸ್ಟು. ಪುರುಸೊತ್ತಾದಾಗ ಓದಿ. ಆದರೆ ಪೂರ್ತಿ ಓದದೆ ಕಾಮೆಂಟ್ ಮಾಡಬೇಡಿ, ಕಳೆದ ಸಲದ ಹಾಗೆ.

ಪ್ರತಿ ವರ್ಷ ಸೆಪ್ಟೆಂಬರ್ 23 ಬಂದರೆ ನನ್ನ ಮೊಬೈಲಿಗೆ ಹೈಫಾ ಬರುತ್ತೆ. 1918ರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ, ಜೋಧಪುರದವರ ಜೊತೆ ಸೇರಿ, ಮಷಿನ್ ಗನ್ನಿಗೆ ಎದುರಾಗಿ ಭರ್ಜಿ ಹಿಡಿದು ನುಗ್ಗಿ ಆ ಪಟ್ಟಣ ಗೆದ್ದ ಕಥೆ. ದೆಹಲಿಯ ತೀನ್ ಮೂರ್ತಿ ಫೋಟೋ, ಬೆಂಗಳೂರಿನ ಜೆ.ಸಿ. ನಗರದ ಸ್ಮಾರಕದ ಫೋಟೋ, ಕೆಳಗೆ ಎದೆ ಉಬ್ಬಿಸಿಕೊಳ್ಳುವ ನಾಲ್ಕು ಸಾಲು. ಸತ್ತವರ ಬಗ್ಗೆ ನನಗೆ ಗೌರವ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪೋಸ್ಟುಗಳಲ್ಲಿ ಬರುವ ಲೆಕ್ಕ ನೋಡಿ. ಸತ್ತ ಯೋಧರು 8, ಗಾಯಗೊಂಡವರು 34. ಸತ್ತ ಕುದುರೆ 60, ಗಾಯಗೊಂಡ ಕುದುರೆ 83. ಕುದುರೆಯ ಗಾಯಕ್ಕೂ ಲೆಕ್ಕ ಇಟ್ಟಿದ್ದಾರೆ. ಒಳ್ಳೇದೇ. ಆ ಕುದುರೆಗಳಿಗೆ ಹುಲ್ಲು ಹಾಕಿದವರು, ಲದ್ದಿ ಬಾಚಿದವರು, ಆ ಪಡೆಯ ಕಕ್ಕಸು ಗುಂಡಿ ತೋಡಿದವರು, ಚರ್ಮದ ಚೀಲದಲ್ಲಿ ನೀರು ಹೊತ್ತವರು, ಅವರಲ್ಲಿ ಎಷ್ಟು ಜನ ಹೋದರು, ಎಷ್ಟು ಜನ ವಾಪಸ್ ಬಂದರು? ಆ ಪೋಸ್ಟು ಹಾಕುವ ಒಬ್ಬರನ್ನಾದರೂ ಕೇಳಿ ನೋಡಿ.

ಇದು ಒಂದು ಥರದ ಪೋಸ್ಟು. ಇನ್ನೊಂದು ಥರದ್ದು ನಮ್ಮ ಕಡೆಯವರದ್ದೇ. ಗಡಿಯಲ್ಲಿ ಏನಾದರೂ ಆದ ಕೂಡಲೇ, ಟಿವಿ ಸ್ಟುಡಿಯೋದಲ್ಲಿ ಕೂತವರು ಯುದ್ಧ ಯುದ್ಧ ಅಂತ ಕುಣಿಯುವಾಗ, ನಮ್ಮ ಪ್ರಗತಿಪರ ಗೆಳೆಯರು ಬರೀತಾರೆ: ಬಾಂಬಿಗೆ ಜಾತಿ ಇಲ್ಲ, ಯುದ್ಧ ಎಲ್ಲರನ್ನೂ ಸಮಾನವಾಗಿ ಕೊಲ್ಲುತ್ತೆ, ಆದ್ದರಿಂದ ಯುದ್ಧ ಬೇಡ.

ಯುದ್ಧ ಬೇಡ ಅನ್ನೋದು ಸರಿ. ಆ 'ಆದ್ದರಿಂದ'ದ ಹಿಂದೆ ಇರೋದು ಸುಳ್ಳು. ನನ್ನ ಜಗಳ ಇವತ್ತು ಈ ಎರಡನೇ ಗುಂಪಿನ ಜೊತೆ. ಮೊದಲನೆಯವರ ಜೊತೆ ಹೇಗೂ ದಿನಾ ಇದ್ದೇ ಇದೆ.

ಅಂಕಿಗಳಿಂದಲೇ ಶುರು ಮಾಡೋಣ. 1914ರಿಂದ 1918ರವರೆಗೆ ನಡೆದ ಮೊದಲನೇ ಮಹಾಯುದ್ಧದಲ್ಲಿ ಸತ್ತ ಸೈನಿಕರೇ 90 ಲಕ್ಷದಿಂದ 1 ಕೋಟಿ. ಗಾಯಗೊಂಡವರು ಸುಮಾರು 2 ಕೋಟಿ. ಸಾಮಾನ್ಯ ಜನರ ಸಾವಿಗೆ ಒಬ್ಬೊಬ್ಬರದ್ದು ಒಂದೊಂದು ಅಂದಾಜು. ಯುದ್ಧ ಮುಗಿದ ಹೊಸದರಲ್ಲೇ ಅರ್ನೆಸ್ಟ್ ಬೋಗಾರ್ಟ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ ಕಾರ್ನೆಗಿ ದತ್ತಿಗಾಗಿ ಈ ಯುದ್ಧದ ಪೂರ್ತಿ ಖರ್ಚು ಲೆಕ್ಕ ಹಾಕಿದ. ಸರ್ಕಾರಗಳು ನೇರವಾಗಿ ಸುರಿದ ದುಡ್ಡು 18,600 ಕೋಟಿ ಡಾಲರ್. ಮುಳುಗಿದ ಹಡಗು, ಸುಟ್ಟ ಊರು, ನಿಂತ ಕೈಗಾರಿಕೆ, ಹೋದ ಜೀವ ಎಲ್ಲ ಸೇರಿ ಪರೋಕ್ಷ ನಷ್ಟ ಇನ್ನೊಂದು 15,100 ಕೋಟಿ ಚಿಲ್ಲರೆ. ಒಟ್ಟು ಸುಮಾರು 33,800 ಕೋಟಿ ಡಾಲರ್. ಆ ಕಾಲದ ಡಾಲರು.

ಹೋದ ಜೀವಕ್ಕೆ ಬೆಲೆ ಕಟ್ಟಿದ್ದು ಹೇಗೆ ಅಂತ ಕೇಳ್ತೀರಾ? ಅದಕ್ಕೊಂದು ದರಪಟ್ಟಿ ಇತ್ತು. ಅಮೆರಿಕದ ಒಂದು ಜೀವಕ್ಕೆ 4,720 ಡಾಲರ್. ಇಂಗ್ಲೆಂಡಿನವನಿಗೆ 4,140. ಜರ್ಮನಿಯವನಿಗೆ 3,380. ಫ್ರಾನ್ಸ್, ಬೆಲ್ಜಿಯಂ 2,900. ಆಸ್ಟ್ರಿಯಾ-ಹಂಗೇರಿ 2,720. ರಷ್ಯಾ, ಇಟಲಿ, ಸರ್ಬಿಯಾ ಮತ್ತಿತರರಿಗೆ 2,020. ಹೀಗೆ ಗುಣಿಸಿ ಕೂಡಿಸಿ ಸತ್ತ ಸೈನಿಕರ ಬೆಲೆ 3,355 ಕೋಟಿ 12 ಲಕ್ಷ 76 ಸಾವಿರದ 280 ಡಾಲರ್ ಅಂತ ತೆಗೆದ. ಕೊನೆಯ 280 ಡಾಲರ್ ಕೂಡ ಬಿಟ್ಟಿಲ್ಲ ನೋಡಿ. ಸಾಮಾನ್ಯ ಜನರ ಸಾವಿಗೆ? ಅದಕ್ಕೂ ಅದೇ ಮೊತ್ತ, ಒಂದು ಡಾಲರ್ ಹೆಚ್ಚಿಲ್ಲ ಕಮ್ಮಿ ಇಲ್ಲ. ಅಂದರೆ ಅವರನ್ನ ಎಣಿಸಲಿಲ್ಲ. ಸೈನಿಕರಷ್ಟೇ ಇರಬೇಕು ಬಿಡು ಅಂತ ಇನ್ನೊಂದು ಸಲ ಅದೇ ಸಾಲು ಬರೆದ.

ಆ ದರಪಟ್ಟಿಯಲ್ಲಿ ಭಾರತದವರಿಗೆ ಅಂತ ಒಂದು ಸಾಲು ನನಗೆ ಕಾಣಲಿಲ್ಲ. ದೇಶಕ್ಕೆ ಒಂದು ದರ ಕಟ್ಟೋದನ್ನ ನೋಡಿ ನಾವು ಛೀ ಅಂತೀವಿ. ನಮ್ಮ ದೇಶದೊಳಗೆ ಜಾತಿಗೊಂದು ದರ ಇರೋದನ್ನ ಯಾರೂ ಪುಸ್ತಕದಲ್ಲಿ ಬರೆದಿಡಲಿಲ್ಲ, ಅಷ್ಟೇ ವ್ಯತ್ಯಾಸ. ಬರೆಯೋ ಅವಶ್ಯಕತೆ ಇರಲಿಲ್ಲ, ಎಲ್ಲರಿಗೂ ಬಾಯಿಪಾಠ.

ಈಗ ನಮ್ಮ ಲೆಕ್ಕಕ್ಕೆ ಬರ್ತೀನಿ. 1919ರ ಕೊನೆಯವರೆಗೆ ಈ ಯುದ್ಧಕ್ಕೆ ಭಾರತದಿಂದ ಭರ್ತಿ ಮಾಡಿಕೊಂಡವರು 14 ಲಕ್ಷ 40 ಸಾವಿರ ಜನ. ಇದರಲ್ಲಿ ಬಂದೂಕು ಹಿಡಿಯಲು ಹೋದವರು 8,77,068. ಉಳಿದ 5,63,369 ಜನರಿಗೆ ಕಾಗದದಲ್ಲಿ ಇದ್ದ ಹೆಸರು 'ಫಾಲೋವರ್'. ಹಿಂಬಾಲಕ. (ಇವತ್ತು ಫೇಸ್‌ಬುಕ್ಕಿನಲ್ಲಿ ನಿಮ್ಮನ್ನೆಲ್ಲ ನನ್ನ ಫಾಲೋವರ್ಸ್ ಅಂತ ತೋರಿಸುತ್ತೆ, ನೋಡಿದಾಗೆಲ್ಲ ನನಗೆ ಕಸಿವಿಸಿ.) ಅಂದರೆ ಪ್ರತಿ ಐದು ಜನರಲ್ಲಿ ಇಬ್ಬರು ಹಿಂಬಾಲಕರು. ಅಡುಗೆಯವರು, ನೀರು ಹೊರುವವರು, ಕುದುರೆ-ಹೇಸರಗತ್ತೆ ನೋಡಿಕೊಳ್ಳುವವರು, ಗಾಯಾಳುಗಳ ಡೋಲಿ ಹೊರುವವರು, ಚಪ್ಪಲಿ ಹೊಲಿಯುವವರು, ರೈಲು ಹಳಿ ಹಾಕುವವರು, ಹಡಗಿನಿಂದ ಮೂಟೆ ಇಳಿಸುವವರು, ಮಲ ಬಾಚುವವರು. ಎಲ್ಲರೂ ನಮ್ಮವರೇ ಅಂತ ನಾನು ಹೇಳಲ್ಲ. 1917ರಲ್ಲಿ ಫ್ರಾನ್ಸಿಗೆ ಕಳಿಸಿದ ಕೂಲಿಪಡೆಗಳಲ್ಲಿ ಸಂತಾಲರು, ಒರಾಂವ್‌ಗಳು, ಖಾಸಿಗಳು, ನಾಗಾಗಳು, ಲುಷಾಯಿಗಳು ಇದ್ದರು. ನಾವು ಹೋಗಲ್ಲ ಅಂತ ಕುಕಿ ಜನ ಬೆಟ್ಟ ಹತ್ತಿ 1919ರವರೆಗೆ ಬ್ರಿಟಿಷರ ವಿರುದ್ಧ ಬಡಿದಾಡಿದರು. ಮಯೂರಭಂಜದ ಸಂತಾಲರೂ ದಂಗೆ ಎದ್ದರು. ಮೆಸೊಪೊಟೇಮಿಯಾಕ್ಕೆ, ಅಂದರೆ ಇವತ್ತಿನ ಇರಾಕಿಗೆ, ಜೈಲುಗಳಿಂದ ಸಾವಿರಾರು ಕೈದಿಗಳನ್ನ ಶಿಕ್ಷೆ ಕಮ್ಮಿ ಮಾಡ್ತೀವಿ ಅಂತ ಆಸೆ ತೋರಿಸಿ ಒಯ್ದರು. ಆದರೆ ಮಲ ಬಾಚುವ ಕೆಲಸಕ್ಕೆ ಯಾರು ಹೋದರು ಅನ್ನೋದನ್ನ ನಾನು ಬಿಡಿಸಿ ಹೇಳಬೇಕಾ?

ನಮ್ಮ ಮನೆ ವಿಷಯ ಇಲ್ಲಿ ಒಂದು ಹೇಳ್ತೀನಿ.

ನಮ್ಮ ಆಯಿಯ ಟ್ರಂಕಿನಲ್ಲಿ ಒಂದು ಬಿಲ್ಲೆ ಇತ್ತು. ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ ಮೇಲೆ ಕೂತ ಬತ್ತಲೆ ಗಂಡಸು. ನಾವು ಹುಡುಗರು ಅದನ್ನ ನೋಡಿ ನಗ್ತಿದ್ದೆವು. ಆಯಿ ಅಂತಿದ್ದಳು, "ನಮ್ಮ ಮಾವ ಬಸರಾಕ್ಕ ಹೋಗಿದ್ನಂತ ನೋಡವಾ. ಎರಡ ವರ್ಷ ಹೆಣಾ ಹೊತ್ತು ಬಂದಾನ. ಬಂದ ಮ್ಯಾಲ ಮನ್ಯಾಗ ಯಾರ ಜೋಡೀನೂ ಮಾತ ಆಡಲಿಲ್ಲಂತ." ಇಷ್ಟೇ ಕಥೆ. ಬಸರಾ ಎಲ್ಲಿದೆ ಅಂತ ಆಯಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ನಾನು ಪಿಯುಸಿಗೆ ಸೇರೋ ವರ್ಷ ಫೀಸಿಗೆ ದುಡ್ಡಿರಲಿಲ್ಲ. ಅಪ್ಪ ಅದನ್ನ ಪೇಟೆಯಲ್ಲಿ ಹಳೇ ನಾಣ್ಯ ಕೊಳ್ಳೋ ಒಬ್ಬನಿಗೆ 150 ರೂಪಾಯಿಗೆ ಕೊಟ್ಟು ಬಂದರು. ಬಂದು ಅಂದರು, "ಬೆಳ್ಳೀದಿದ್ರ ಐನೂರ ಕೊಡತಿದ್ದೆ ಅಂದ. ಇದು ಕಂಚಿಂದಂತ."

ಎಷ್ಟೋ ವರ್ಷ ಆದಮೇಲೆ ಓದಿ ತಿಳಕೊಂಡೆ. ಅದು ಬ್ರಿಟಿಷ್ ವಾರ್ ಮೆಡಲ್. ಸೈನಿಕರಿಗೆ ಬೆಳ್ಳಿಯಲ್ಲಿ ಹೊಡೆದು ಕೊಟ್ಟರು. ಚೀನಾದ, ಮಾಲ್ಟಾದ, ಭಾರತದ ಕೂಲಿಪಡೆಗಳಿಗೆ ಅದೇ ಅಚ್ಚು, ಅದೇ ರಾಜ, ಅದೇ ಕುದುರೆ, ಲೋಹ ಮಾತ್ರ ಕಂಚು. ಸುಮಾರು 1 ಲಕ್ಷ 10 ಸಾವಿರ ಕಂಚಿನ ಬಿಲ್ಲೆ ಹಂಚಿದರು. ಆ ಪೇಟೆಯವನು ನಮಗೆ ಮೋಸ ಮಾಡಲಿಲ್ಲ. 80 ವರ್ಷ ಮೊದಲೇ ಲಂಡನ್ನಿನಲ್ಲಿ ಕೂತು ನಮ್ಮ ಮುತ್ತಾತನ ಬಿಲ್ಲೆಗೆ ಬೆಲೆ ಕಟ್ಟಿ ಆಗಿತ್ತು, ಅವನು ಅದನ್ನೇ ಓದಿ ಹೇಳಿದ.

ಆ ಬಿಲ್ಲೆಯ ಅಂಚಿನ ಮೇಲೆ ಒಂದು ನಂಬರು, ಒಂದು ಹೆಸರು ಕೊರೆದಿರ್ತಾರೆ. ನಮ್ಮದರಲ್ಲಿ ಹೆಸರು ಸವೆದು ಹೋಗಿತ್ತು, ನಂಬರಿನ ಎರಡು ಅಂಕಿ ಕಾಣ್ತಿತ್ತು. ಆ ಎರಡು ಅಂಕಿ ಯಾವುದು ಅಂತ ನನಗೆ ನೆನಪಿಲ್ಲ. ಅದೊಂದು ನನ್ನ ಹೊಟ್ಟೆ ಉರಿಸುತ್ತೆ.

ಬಸ್ರಾ ಅಂದಮೇಲೆ ಅಲ್ಲಿನ ಸ್ಮಾರಕದ ಸುದ್ದಿ ಹೇಳಲೇಬೇಕು. ಮೆಸೊಪೊಟೇಮಿಯಾದಲ್ಲಿ ಸತ್ತ, ಗೋರಿ ಗೊತ್ತಿಲ್ಲದ 40 ಸಾವಿರಕ್ಕೂ ಹೆಚ್ಚು ಜನರ ನೆನಪಿಗೆ ಕಟ್ಟಿದ್ದು. ಅದರಲ್ಲಿ ಬಹುಪಾಲು ಭಾರತದವರು. ಬ್ರಿಟಿಷ್ ಸೈನಿಕರದ್ದೆಲ್ಲ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳದ್ದೂ ಕೆತ್ತಿದರು. ಸಾಮಾನ್ಯ ಭಾರತೀಯ ಸಿಪಾಯಿಗಳಿಗೆ? ರೆಜಿಮೆಂಟಿನ ಹೆಸರು ಬರೆದು ಕೆಳಗೆ ಇಂತಿಷ್ಟು ಜನ ಅಂತ ಒಂದು ಸಂಖ್ಯೆ. ಕಲ್ಲಿನ ಮೇಲೆ ಸಂಖ್ಯೆ! ಬಂದೂಕು ಹಿಡಿದವನೇ ಸಂಖ್ಯೆ ಆದ ಅಂದಮೇಲೆ ಅವನ ಹಿಂದೆ ಬಕೆಟ್ ಹಿಡಿದು ನಿಂತವನ ಗತಿ ನೀವೇ ಯೋಚಿಸಿ. ಈ ಗೋರಿಗಳ ಉಸ್ತುವಾರಿಗೆ 1917ರಲ್ಲಿ ಆಯೋಗ ಕಟ್ಟಿದಾಗ ಮೊದಲ ತತ್ವವೇ ಸಾವಿನಲ್ಲಿ ಎಲ್ಲರೂ ಸಮಾನ ಅನ್ನೋದು. ದರ್ಜೆ, ಬಣ್ಣ, ಮತ ಯಾವುದೂ ನೋಡಲ್ಲ ಅಂತ. ನೂರು ವರ್ಷ ಅದೇ ಮಾತು ಹೇಳಿಕೊಂಡು ಬಂದರು. 2021ರ ಏಪ್ರಿಲ್‌ನಲ್ಲಿ ಅದೇ ಆಯೋಗ ತಾನೇ ತನಿಖೆ ಮಾಡಿಸಿ ಒಪ್ಪಿಕೊಂಡಿತು: ಭಾರತ, ಆಫ್ರಿಕಾ, ಈಜಿಪ್ಟ್ ಕಡೆಯ 45 ಸಾವಿರದಿಂದ 54 ಸಾವಿರ ಸತ್ತವರನ್ನ ಬಿಳಿಯರಿಗಿಂತ ಕೀಳಾಗಿ ಸ್ಮರಿಸಲಾಗಿದೆ. ಇನ್ನೂ ಕನಿಷ್ಠ 1 ಲಕ್ಷ 16 ಸಾವಿರ, ಬಹುಶಃ 3 ಲಕ್ಷ 50 ಸಾವಿರದವರೆಗೆ, ಹೆಸರಿನಿಂದ ಸ್ಮರಿಸಿಲ್ಲ ಅಥವಾ ಸ್ಮರಿಸಿಯೇ ಇಲ್ಲ. ಬ್ರಿಟನ್ನಿನ ರಕ್ಷಣಾ ಮಂತ್ರಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ.

1 ಲಕ್ಷ 16 ಸಾವಿರಕ್ಕೂ 3 ಲಕ್ಷ 50 ಸಾವಿರಕ್ಕೂ ನಡುವಿನ ಅಂತರ ನೋಡಿ. ಎರಡು ಲಕ್ಷ ಮೂವತ್ತನಾಲ್ಕು ಸಾವಿರ. ಇದು ಸತ್ತವರ ಸಂಖ್ಯೆ ಅಲ್ಲ, ಲೆಕ್ಕದ ಸಂದೇಹ! ಭಾರತದ ಸತ್ತವರಿಗೂ ಹೀಗೇ, ಒಂದು ಕಡೆ 53 ಸಾವಿರ ಅಂತಾರೆ, ಇನ್ನೊಂದು ಕಡೆ 74 ಸಾವಿರ ಅಂತಾರೆ. ನಮ್ಮ ದೇಶದಿಂದ ಕಳಿಸಿದ ಪ್ರಾಣಿಗಳು 1 ಲಕ್ಷ 70 ಸಾವಿರಕ್ಕೂ ಹೆಚ್ಚು, ಸಾಮಾನು 37 ಲಕ್ಷ ಟನ್ ಅಂತ ಗೊತ್ತು. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ಇಪ್ಪತ್ತು ಸಾವಿರ ಜನ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು.

ಪೂರ್ವ ಆಫ್ರಿಕಾದ ಕಥೆಯೂ ಇದೇ. ಬ್ರಿಟಿಷರ ಕಡೆ ಮೂಟೆ ಹೊತ್ತ ಆಫ್ರಿಕಾದ ಹಮಾಲರಲ್ಲಿ ಕನಿಷ್ಠ 95 ಸಾವಿರ ಜನ ಹಸಿವು, ಭೇದಿ, ಮಲೇರಿಯಾದಿಂದ ಸತ್ತರು. ವಸಾಹತು ಕಚೇರಿಯ ಒಬ್ಬ ಅಧಿಕಾರಿ ಫೈಲಿನಲ್ಲಿ ಬರೆದ, ಇದು ಹಗರಣ ಆಗಲಿಲ್ಲ, ಯಾಕೆಂದರೆ ಹೆಚ್ಚು ಕಷ್ಟ ಪಟ್ಟಿದ್ದು ಹಮಾಲರು, ಅವರ ಬಗ್ಗೆ ಯಾರಿಗೆ ಚಿಂತೆ ಅಂತ. ಇವತ್ತಿನ ಘಾನಾ ದೇಶಕ್ಕೆ ಆಗ ಗವರ್ನರ್ ಆಗಿದ್ದ ಗಗ್ಗಿಸ್‌ಬರ್ಗ್ 1923ರಲ್ಲಿ ಹೇಳಿದ, ನಮ್ಮ ಸೀಮೆಯ ಸಾಮಾನ್ಯ ಕರಿಯನಿಗೆ ಗೋರಿಕಲ್ಲಿನ ಬೆಲೆ ಅರ್ಥ ಆಗಲ್ಲ ಅಂತ. ಅವರು ಬಿಳಿಯರು, ಜನಾಂಗದ್ವೇಷಿಗಳು, ಸರಿ. ಈಗ ನಮ್ಮವರ ಸುದ್ದಿ ಕೇಳಿ.

ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಆಸ್ಪತ್ರೆ ತೆರೆದಿದ್ದರು. ಬ್ರೈಟನ್‌ನಲ್ಲಿ ರಾಜನ ಅರಮನೆಯನ್ನೇ ಆಸ್ಪತ್ರೆ ಮಾಡಿದರು. ಅಲ್ಲಿ ಒಂಬತ್ತು ಅಡುಗೆಮನೆ. ಹಿಂದೂಗಳಿಗೆ, ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿ. ಯಾರ ಜಾತಿಯೂ ಕೆಡಬಾರದು ಅಂತ ಬ್ರಿಟಿಷರು ಅಷ್ಟು ಜೋಪಾನ. ಶೌಚ ಬಾಚಲಿಕ್ಕೆ ಭಾರತದಿಂದಲೇ ಅಸ್ಪೃಶ್ಯರನ್ನ ಹಡಗು ಹತ್ತಿಸಿ ತಂದಿದ್ದರು. ಏಳು ಸಮುದ್ರ ದಾಟಿದರೆ ಜಾತಿ ಹೋಗುತ್ತೆ ಅಂತಿದ್ದರಲ್ಲ ನಮ್ಮ ಶಾಸ್ತ್ರದವರು, ಎಲ್ಲಿ ಹೋಯ್ತು? ಅದೂ ಟಿಕೆಟ್ ತಗೊಂಡು ಹಡಗು ಹತ್ತಿತ್ತು.

ಹೀಗೆ ಬಂದವರಲ್ಲಿ ಒಬ್ಬ ಸುಖಾ. ಬರೇಲಿಯ ಗಂಗಾಪುರದವನು. ಬ್ರಾಕನ್‌ಹರ್ಸ್ಟ್ ಅನ್ನೋ ಹಳ್ಳಿಯ ಲೇಡಿ ಹಾರ್ಡಿಂಜ್ ಆಸ್ಪತ್ರೆಯಲ್ಲಿ ಜಾಡಮಾಲಿ. 1915ರ ಜನವರಿ 12, ಇಂಗ್ಲೆಂಡಿನ ಆ ಚಳಿಯಲ್ಲಿ ನ್ಯುಮೋನಿಯಾ ಆಗಿ ಸತ್ತ. ಮೂವತ್ತು ವರ್ಷ. ಸತ್ತ ಹಿಂದೂ ಮತ್ತು ಸಿಖ್ ಸಿಪಾಯಿಗಳನ್ನ ಸುಡಲಿಕ್ಕೆ ಬ್ರೈಟನ್ ಹತ್ತಿರದ ಪ್ಯಾಚಮ್ ಗುಡ್ಡದಲ್ಲಿ ಘಾಟ್ ಮಾಡಿದ್ದರು. 53 ಜನರನ್ನ ಅಲ್ಲಿ ಸುಟ್ಟರು, ಆಮೇಲೆ ಅಮೃತಶಿಲೆಯ ಛತ್ರಿ ಕಟ್ಟಿಸಿದರು, ಈಗಲೂ ಇದೆ. ಸುಖಾನ ಹೆಣಕ್ಕೆ ಅಲ್ಲಿ ಜಾಗ ಇಲ್ಲ ಅಂದರು ನಮ್ಮ ಹಿಂದೂಗಳು. ಅಸ್ಪೃಶ್ಯ. ವೋಕಿಂಗ್‌ನಲ್ಲಿ ಮುಸ್ಲಿಮರ ಖಬರಸ್ತಾನ ಇತ್ತು. ಇವನು ಮುಸ್ಲಿಮನಲ್ಲ ಅಂದರು ಅವರು. ಕೊನೆಗೆ ಆ ಹಳ್ಳಿಯ ಪಾದ್ರಿ ಚರ್ಚಿನ ಅಂಗಳದಲ್ಲಿ ಹೂಳಿಸಿದ. ಊರಿನವರು ಚಂದಾ ಎತ್ತಿ ಕಲ್ಲು ನಿಲ್ಲಿಸಿದರು. ಇವನು ಕ್ರೈಸ್ತನಲ್ಲ, ಆದರೂ ಬೇರೆಯವರಿಗಾಗಿ ಪ್ರಾಣ ಕೊಟ್ಟ ಅನ್ನೋ ಅರ್ಥದ ಮಾತು ಆ ಕಲ್ಲಿನ ಮೇಲಿದೆ, ಅವನ ಊರು ಕೇರಿಯ ಹೆಸರಿನ ಸಮೇತ.

ಬಂಧುಗಳೇ, ಗುಂಡಿಗೆ ಜಾತಿ ಇಲ್ಲ ಅನ್ನೋರು ಒಪ್ಪಿಕೊಳ್ಳಲಿ, ಸೌದೆಗೆ ಇತ್ತು. ಸಾಮ್ರಾಜ್ಯದ ಅಷ್ಟೂ ಸೇನೆಯಲ್ಲಿ ಅವನ ಹೆಣ ಮುಟ್ಟಲು ಒಬ್ಬ ಸ್ವಧರ್ಮೀಯ ಸಿಗಲಿಲ್ಲ. ಅವರೆಲ್ಲ ಬೆಳಗ್ಗೆ ಎದ್ದು ಅವನು ತೊಳೆದಿಟ್ಟ ಕಕ್ಕಸಿಗೆ ಹೋಗುತ್ತಿದ್ದವರು.

ಇದೆಲ್ಲ ಹೊರದೇಶದ ಮಾತಾಯ್ತು. ಶೀರ್ಷಿಕೆಯ ಅಂಕಿಗೆ ಈಗ ಬಂದೆ.

1918ರ ಜೂನ್. ಯುದ್ಧದ ಹಡಗುಗಳು ಬಂದು ಹೋಗುವ ಮುಂಬೈ ಬಂದರಿನಲ್ಲಿ ಕಾವಲಿದ್ದ ಏಳು ಜನ ಪೊಲೀಸ್ ಸಿಪಾಯಿಗಳಿಗೆ ಜ್ವರ ಬಂತು. ಅಲ್ಲಿಂದ ಹಡಗುಕಟ್ಟೆಯ ಕೂಲಿಗಳು, ಮಿಲ್ಲು, ರೈಲು. ಸೆಪ್ಟೆಂಬರ್‌ನಲ್ಲಿ ಎರಡನೇ ಅಲೆ. ಅಕ್ಟೋಬರ್ 6, ಒಂದೇ ದಿನ ಮುಂಬೈಯಲ್ಲಿ 768 ಸಾವು. ರೈಲು ಹಿಡಿದು ಅದು ಇಡೀ ದೇಶಕ್ಕೆ, ನಮ್ಮ ಮೈಸೂರು ಸೀಮೆಗೆ, ಧಾರವಾಡ ಬೆಳಗಾವಿಗೆಲ್ಲ ಬಂತು. ಇನ್‌ಫ್ಲುಯೆಂಜಾ. ಭಾರತದಲ್ಲಿ ಸತ್ತವರು 1 ಕೋಟಿ 20 ಲಕ್ಷದಿಂದ 2 ಕೋಟಿ. ಇಡೀ ಜಗತ್ತಿನ ರಣರಂಗದಲ್ಲಿ ನಾಲ್ಕು ವರ್ಷ ಸತ್ತ ಸೈನಿಕರಿಗಿಂತ ಹೆಚ್ಚು, ಅದೂ ಬಹುಪಾಲು ಮೂರು ನಾಲ್ಕು ತಿಂಗಳಲ್ಲಿ. 1911ರಿಂದ 1921ರ ದಶಕದಲ್ಲಿ ಈ ದೇಶದ ಜನಸಂಖ್ಯೆ ಬೆಳೆಯಲಿಲ್ಲ, ಇಳಿಯಿತು. ಜನಗಣತಿಯ ಇತಿಹಾಸದಲ್ಲಿ ಹಾಗಾಗಿದ್ದು ಆ ಒಂದೇ ಸಲ ಅಂತ ಶಾಲೆ ಪುಸ್ತಕದಲ್ಲೂ ಇದೆ.

ಇದು ರೋಗ, ಯುದ್ಧ ಅಲ್ಲ ಅಂತೀರಾ? ಹಡಗು ಯುದ್ಧದ್ದು. ಇಲ್ಲಿದ್ದ ವೈದ್ಯಾಧಿಕಾರಿಗಳಲ್ಲಿ ಎಷ್ಟೋ ಜನರನ್ನ ಯುದ್ಧಕ್ಕೆ ಒಯ್ದಿದ್ದರು. ಗೋಧಿ ಹೊರಗೆ ಹೋಗ್ತಿತ್ತು, ಅದರ ಮೇಲೆ ಆ ವರ್ಷ ಮಳೆ ಕೈಕೊಟ್ಟಿತು, ಕಾಳಿನ ಬೆಲೆ ಮುಗಿಲಿಗೆ. ಉಪವಾಸದ ಮೈಗೆ ಬಂದ ಜ್ವರ ಅದು.

ಮುಂಬೈ ನಗರದ ಆರೋಗ್ಯಾಧಿಕಾರಿ ಯಾರು ಯಾರು ಸತ್ತರು ಅಂತ ಲೆಕ್ಕ ತೆಗೆದ. ಸಾವಿರ ಜನಕ್ಕೆ ಎಷ್ಟು ಸಾವು ಅಂತ. ಯುರೋಪಿಯನ್ನರು 8.3. ಪಾರಸಿಗಳು 9. ಆಂಗ್ಲೋ ಇಂಡಿಯನ್ನರು 11.9. ಭಾರತೀಯ ಕ್ರೈಸ್ತರು 18.4. ಮುಸ್ಲಿಮರು 19.2. ಹಿಂದೂಗಳಿಗೆ ಎರಡು ಸಾಲು. ಒಂದು ಸಾಲು ಹಿಂದೂಗಳು 18.9. ಇನ್ನೊಂದು ಸಾಲು, ಕೆಳಜಾತಿ ಹಿಂದೂಗಳು 61.6.

ಇನ್ನೊಂದು ಸಲ ಓದಿ. ಅದೇ ಊರು, ಅದೇ ಗಾಳಿ, ಅದೇ ರೋಗ. ಯುರೋಪಿಯನ್ನರಿಗಿಂತ ಏಳು ಪಟ್ಟು ಹೆಚ್ಚು ಅನ್ನೋದು ಬಿಡಿ, ಅವರು ಆಳುವವರು, ಬಂಗಲೆಯಲ್ಲಿ ಇದ್ದವರು. ಅದೇ ಧರ್ಮದ, ಅದೇ ಊರಿನ ಇತರ ಹಿಂದೂಗಳಿಗಿಂತ ಮೂರು ಪಟ್ಟಿಗೂ ಹೆಚ್ಚು. ಸಾವಿರಕ್ಕೆ ಅರವತ್ತೆರಡು ಅಂದರೆ ಹದಿನಾರು ಜನರಲ್ಲಿ ಒಬ್ಬ. ಒಂದು ಚಾಳಿನ ಒಂದು ಸಾಲು ತಗೊಂಡರೆ ಹೆಚ್ಚುಕಮ್ಮಿ ಎರಡು ಮೂರು ಖೋಲಿಗೆ ಒಂದು ಹೆಣ. ಮಲಗಲು ಬೇರೆ ಕೋಣೆ ಇಲ್ಲದವರು, ಒಂದು ದಿನ ರಜೆ ಹಾಕಿದರೆ ಕೂಲಿ ಇಲ್ಲದವರು, ಊರಿನವರೆಲ್ಲ ಬಾಗಿಲು ಹಾಕಿಕೊಂಡಾಗಲೂ ಊರಿನ ಕಸ, ಊರಿನ ಹೆಣ ಎತ್ತಲೇಬೇಕಾದವರು. 2020ರಲ್ಲಿ ಇದನ್ನ ನಾವು ಕಣ್ಣಾರೆ ನೋಡಿದೆವಲ್ಲ. ಎಲ್ಲರೂ ಮನೆಯಲ್ಲಿ ಕೂತು ತಟ್ಟೆ ಬಡಿಯುವಾಗ ಪೌರಕಾರ್ಮಿಕರು ಬೀದಿಯಲ್ಲಿದ್ದರು.

ಹಳ್ಳಿಗಳಲ್ಲಿ ಈ ಲೆಕ್ಕವೂ ಇಲ್ಲ. ಊರಲ್ಲಿ ಸಾವಾದರೆ ಚಾವಡಿಗೆ ಹೋಗಿ ವರದಿ ಒಪ್ಪಿಸುವವರು, ಹತ್ತೂರಿಗೆ ನಡೆದು ನೆಂಟರಿಗೆ ಸಾವಿನ ಸುದ್ದಿ ಮುಟ್ಟಿಸುವವರು ನಮ್ಮ ಹಿರಿಯರೇ. ಅವರೇ ಸತ್ತಮೇಲೆ ವರದಿ ಒಪ್ಪಿಸಿದ್ದು ಯಾರು?

ದುಡ್ಡಿನ ಲೆಕ್ಕ ಬೇಗ ಮುಗಿಸ್ತೀನಿ. 1917ರಲ್ಲಿ ಭಾರತ ಸರ್ಕಾರ ಬ್ರಿಟನ್ನಿಗೆ 10 ಕೋಟಿ ಪೌಂಡ್ 'ಉಡುಗೊರೆ' ಕೊಟ್ಟಿತು. ಆಗಿನ ದರದಲ್ಲಿ 150 ಕೋಟಿ ರೂಪಾಯಿ, ಸುಮಾರು ಒಂದು ವರ್ಷದ ಸರ್ಕಾರಿ ವರಮಾನದಷ್ಟು. ಯುದ್ಧ ಶುರುವಾದಾಗಲೇ ಮೈಸೂರು ಮಹಾರಾಜರು 50 ಲಕ್ಷ ಕೊಟ್ಟಿದ್ದರು. ಉಡುಗೊರೆ ಕೊಟ್ಟವರ ಹೆಸರು ಶಾಸನದಲ್ಲಿದೆ. ದುಡ್ಡು ಬಂದದ್ದು ಎಲ್ಲಿಂದ? 1916ರಲ್ಲಿ ಉಪ್ಪಿನ ಮೇಲಿನ ಸುಂಕವನ್ನ ಮಣಕ್ಕೆ 1 ರೂಪಾಯಿಯಿಂದ 1 ರೂಪಾಯಿ 4 ಆಣೆಗೆ ಏರಿಸಿದರು. ರೊಟ್ಟಿಗೆ ಉಪ್ಪು ಖಾರ ಬಿಟ್ಟರೆ ಬೇರೆ ಗತಿಯಿಲ್ಲದ ಮನೆಗಳು ಆ ಉಡುಗೊರೆಗೆ ದಿನಾ ಎರಡು ಹೊತ್ತು ಚಂದಾ ಕೊಟ್ಟವು.

ಒಂದು ನಷ್ಟ ಮಾತ್ರ ಯಾವ ಬೋಗಾರ್ಟನ ಲೆಕ್ಕಕ್ಕೂ ಸಿಕ್ಕಿಲ್ಲ. 1917ರಲ್ಲಿ ಬಾಬಾಸಾಹೇಬರು ಲಂಡನ್ನಿನ ಓದು ಅರ್ಧಕ್ಕೆ ಬಿಟ್ಟು ವಾಪಸ್ ಬರಬೇಕಾಯಿತು. ಉಪವಾಸ ಇದ್ದು, ನ್ಯೂಯಾರ್ಕಿನ ಹಳೇ ಪುಸ್ತಕದಂಗಡಿಗಳಲ್ಲಿ ಒಂದೊಂದೇ ಹೆಕ್ಕಿ ಕೂಡಿಟ್ಟ ಪುಸ್ತಕಗಳನ್ನ ಬೇರೆ ಹಡಗಿಗೆ ಹಾಕಿದ್ದರು. ಜರ್ಮನ್ ಜಲಾಂತರ್ಗಾಮಿ ಟಾರ್ಪಿಡೊ ಹೊಡೆದು ಅದನ್ನ ಮುಳುಗಿಸಿತು. ಸಾಮಾನು ಕಳೆದಿದ್ದಕ್ಕೆ ಸಿಕ್ಕ 600 ರೂಪಾಯಿ ಪರಿಹಾರದಲ್ಲೇ ಅವರು ಬರೋಡಾಕ್ಕೆ ಕೆಲಸಕ್ಕೆ ಹೋದದ್ದು. ಅಲ್ಲಿ ಏನಾಯ್ತು, ಜವಾನ ಫೈಲನ್ನ ದೂರದಿಂದ ಎಸೆದದ್ದು, ಪಾರಸಿ ಛತ್ರದಿಂದ ಹೊರಗೆ ಹಾಕಿದ್ದು, ನಿಮಗೆಲ್ಲ ಗೊತ್ತಿದೆ. ಯುದ್ಧ ನಿಂತ 1918ರ ನವೆಂಬರ್‌ನಲ್ಲೇ ಅವರು ಮುಂಬೈಯಲ್ಲಿ ಪ್ರೊಫೆಸರ್ ಆಗಿ ಸೇರಿದರು. ಊರೆಲ್ಲ ಜ್ವರದ ಹೆಣ, ಕಾಲೇಜಿನೊಳಗೆ ಸಹೋದ್ಯೋಗಿಗಳ ತಕರಾರು ಇವರು ನಮ್ಮ ಹೂಜಿಯ ನೀರು ಮುಟ್ಟಬಾರದು ಅಂತ.

ಈಗ ನಮ್ಮ ಒಳಗಿನ ಮಾತು. ಇದನ್ನ ಬರೆದರೆ ಕೆಲವರಿಗೆ ಬೇಜಾರಾಗುತ್ತೆ, ಆಗಲಿ.

ಸೇನೆಯೇ ನಮ್ಮನ್ನ ಮೇಲೆತ್ತಿತು ಅಂತ ನಾವೂ ಹೇಳ್ತೀವಿ. ಅರ್ಧ ಸತ್ಯ. ರಾಮಜಿ ಸಕ್ಪಾಲರು ಸೇನೆಯಲ್ಲಿ ಇಲ್ಲದಿದ್ದರೆ, ಆ ಸೇನೆಯ ಶಾಲೆ ಇಲ್ಲದಿದ್ದರೆ ಭೀಮರಾವ್ ಅನ್ನೋ ಹುಡುಗನ ಕೈಗೆ ಪುಸ್ತಕ ಬರುತ್ತಿತ್ತಾ? ಅದನ್ನ ನಾನು ಮರೆತಿಲ್ಲ. ಆದರೆ 'ಕ್ಷಾತ್ರ ಜನಾಂಗ'ದ ಲೆಕ್ಕ ಹಾಕಿ 1890ರ ದಶಕದಲ್ಲಿ ಮಹಾರರ ಭರ್ತಿ ನಿಲ್ಲಿಸಿದ್ದೂ ಅದೇ ಸೇನೆ. ಮಹಾಯುದ್ಧದಲ್ಲಿ ಜನ ಸಾಲದೆ ಬಂದಾಗ, 1917ರಲ್ಲಿ, 111ನೇ ಮಹಾರ್ ಪಡೆ ಕಟ್ಟಿದರು. 1921ರಲ್ಲಿ ಕೆಲಸ ಮುಗೀತು ಅಂತ ವಿಸರ್ಜಿಸಿದರು. ಎರಡನೇ ಯುದ್ಧ ಬಂತು, ಬಾಬಾಸಾಹೇಬರು ಪಟ್ಟು ಹಿಡಿದು ಕೇಳಿದರು, 1941ರ ಅಕ್ಟೋಬರ್‌ನಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಎದ್ದಿತು. ಅದು ಉಳಿಯಿತು. 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟು? 1946ರಲ್ಲಿ ಮುಚ್ಚಿದರು. ಜನ ಬೇಕಾದಾಗ ನಾವು ಕ್ಷಾತ್ರ ಜನಾಂಗ, ಪಿಂಚಣಿ ಕೊಡೋ ಹೊತ್ತಿಗೆ ಮತ್ತೆ ಅಸ್ಪೃಶ್ಯ ಜನಾಂಗ. ಬಾಬಾಸಾಹೇಬರು ಸೇನೆ ಸೇರಿ ಅಂದದ್ದು ಕೆಲಸ, ಓದು, ತಲೆ ಎತ್ತಿ ನಿಲ್ಲುವ ಜಾಗ ಸಿಗಲಿ ಅಂತ. ನಮ್ಮ ಹುಡುಗರು ವಾಟ್ಸಾಪಿನಲ್ಲಿ ಮಿಸೈಲ್ ವಿಡಿಯೋ ಹಂಚಿ ಖುಷಿ ಪಡಲಿ ಅಂತಲ್ಲ.

ಎರಡನೇ ಯುದ್ಧದ್ದು ಬರೆಯಲು ಹೋದರೆ ಇನ್ನೊಂದು ಪೋಸ್ಟು ಬೇಕು. ಒಂದೇ ಮಾತು. ಆ ಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರು ಸುಮಾರು 87 ಸಾವಿರ. 1943ರ ಬಂಗಾಳದ ಬರಗಾಲದಲ್ಲಿ ಸತ್ತವರು ಸರ್ಕಾರಿ ಆಯೋಗದ ಪ್ರಕಾರವೇ 15 ಲಕ್ಷ, ನಂತರದ ಸಂಶೋಧಕರ ಅಂದಾಜು ಸುಮಾರು 30 ಲಕ್ಷ. ಜಪಾನಿನವರ ಕೈಗೆ ಸಿಗಬಾರದು ಅಂತ 1942ರಲ್ಲೇ ಹತ್ತು ಜನಕ್ಕಿಂತ ಹೆಚ್ಚು ಕೂರುವ ದೋಣಿಗಳನ್ನ, 40 ಸಾವಿರಕ್ಕೂ ಮೀರಿ, ಕಿತ್ತುಕೊಂಡಿದ್ದರು, ಒಡೆದಿದ್ದರು. ನದಿಯನ್ನೇ ನಂಬಿ ಬದುಕುವ ಸೀಮೆಯಲ್ಲಿ ದೋಣಿ ಹೋದರೆ ಕಾಲು ಹೋದಂತೆ. ಮೊದಲು ಬಿದ್ದವರು ಮೀನುಗಾರರು, ಭೂಮಿ ಇಲ್ಲದ ಕೂಲಿಗಳು. ಆ ನದಿಸೀಮೆಯಲ್ಲಿ ಮೀನುಗಾರರು, ಕೂಲಿಗಳು ಅಂದರೆ ಯಾವ ಜಾತಿಯವರು ಅಂತ ಜೋಗೇಂದ್ರನಾಥ ಮಂಡಲರ ಹೆಸರು ಕೇಳಿದವರಿಗೆ ಗೊತ್ತು.

ಈ ಹಳೇ ಕಥೆ ಈಗ್ಯಾಕೆ ಅಂತ ಕೇಳೋರು ಇದ್ದೇ ಇರ್ತಾರೆ. 2021ರ ಜುಲೈಯಲ್ಲಿ ನಮ್ಮ ಕೇಂದ್ರ ಸರ್ಕಾರ ರಾಜ್ಯಸಭೆಗೆ ಹೇಳಿತು, ಮಲ ಹೊರುವ ಕೆಲಸದಿಂದ ಯಾರೂ ಸತ್ತ ವರದಿ ಇಲ್ಲ ಅಂತ. ಗಲಾಟೆ ಆಯ್ತು. ಆಮೇಲೆ ಅಂದರು, 1993ರಿಂದ ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕಿಗೆ ಇಳಿದು 941 ಜನ ಸತ್ತಿದ್ದಾರೆ, ಆದರೆ ಅದು ಬೇರೆ ಕಾಲಂ ಅಂತ. ಬಸ್ರಾದ ಕಲ್ಲಿನ ಮೇಲೆ ಇದ್ದದ್ದೂ ಬೇರೆ ಕಾಲಂ. ಬೆಳ್ಳಿಗೆ ಕಂಚಿಗೆ ಬೇರೆ ಬೇರೆ ಕಾಲಂ. ಸತ್ತವನು ಯಾವ ಕಾಲಮ್ಮಿಗೆ ಹೋಗಬೇಕು ಅನ್ನೋದನ್ನ ನಿರ್ಧಾರ ಮಾಡೋ ಕುರ್ಚಿಯಲ್ಲಿ ನಾವಿಲ್ಲ. ನಾಳೆ ಇನ್ನೊಂದು ಯುದ್ಧ ಆದರೂ ಲೆಕ್ಕ ಬರೆಯೋದು ಆ ಕುರ್ಚಿಯವರೇ. ಅದಕ್ಕೇ ನಾನು ಯುದ್ಧ ಬೇಡ ಅನ್ನೋದು, ಸಮಾನವಾಗಿ ಕೊಲ್ಲುತ್ತೆ ಅಂತಲ್ಲ.

ಪ್ರಗತಿಪರ ಗೆಳೆಯರಲ್ಲಿ ಒಂದೇ ವಿನಂತಿ. ಮುಂದಿನ ಸಲ 'ಬಾಂಬಿಗೆ ಜಾತಿ ಇಲ್ಲ' ಅಂತ ಪೋಸ್ಟರ್ ಮಾಡಿಸುವಾಗ ಕೆಳಗೆ 18.9 ಮತ್ತು 61.6 ಎರಡನ್ನೂ ಹಾಕಿ. ಆಮೇಲೂ ಆ ಸಾಲು ನಿಲ್ಲುತ್ತಾ ನೋಡಿ.

ಮತ್ತೆ ನಮ್ಮ ಕೇರಿಯವರಲ್ಲಿ ಒಂದು ಕೆಲಸ ಕೇಳ್ತೀನಿ. ಬೆಳಗಾವಿ, ಧಾರವಾಡ, ವಿಜಯಪುರ, ಕೆಜಿಎಫ್, ಬೆಂಗಳೂರು ದಂಡು ಪ್ರದೇಶದ ಹಳೇ ಕುಟುಂಬಗಳು ವಿಶೇಷವಾಗಿ. ಅಜ್ಜಿಯರ ಟ್ರಂಕು, ದೇವರ ಗೂಡು, ಹಳೇ ಡಬ್ಬಿ ನೋಡಿ. ಮೂರೂವರೆ ಸೆಂಟಿಮೀಟರ್ ಅಗಲದ ದುಂಡನೆ ಬಿಲ್ಲೆ, ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಕುದುರೆ, 1914-1918 ಅಂತ ಇಸವಿ. ಉಜ್ಜಬೇಡಿ, ಹುಣಸೆಹಣ್ಣು ಹಾಕಬೇಡಿ, ಅಕ್ಷರ ಹೋಗುತ್ತೆ. ಅಂಚಿನ ಮೇಲೆ ಇರೋದನ್ನ ಬಿಸಿಲಿಗೆ ಹಿಡಿದು ಓದಿ, ಫೋಟೋ ತೆಗೆದು ನನಗೆ ಕಳಿಸಿ. ಎರಡೇ ಅಂಕಿ ಕಂಡರೂ ಬರೆದಿಡಿ. ಯಾರಾದರೂ ಕೊಳ್ಳಲು ಬಂದರೆ ಕೊಡಬೇಡಿ.

ಜೈ ಭೀಮ್.